ನಮ್ಮ ಉಪ್ಪಿನಕಾಯಿ, ಟೀಚರ್ ಮನೆಯ ಫೋನು

ಫೋನಿನಲ್ಲಿ ಅಪರಿಚಿತರೊಡನೆ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಎದೆ ಡವಗುಟ್ಟುತ್ತದೆ. ಇಂಥವನು ಗಿರಾಕಿಗಳ ಫೋನಿಗಾಗಿ ಹದಿನೈದು ದಿನ ಕಾದು ಕೂತಿದ್ದೆನೆಂದರೆ ಅದಕ್ಕೆ ಕಾರಣ ಜಾಯಿಕಾಯಿ. ಅಡ್ಡಗದ್ದೆಯ ನಮ್ಮ ತೋಟದಲ್ಲಿ ಅದರ ಆರು ಮರಗಳಿವೆ. ವ್ಯಾಪಾರಿ ಬೀಜವನ್ನೂ ಅದನ್ನು ಸುತ್ತಿಕೊಂಡ ಕೆಂಪು ಜಾಪತ್ರೆಯನ್ನೂ ಒಯ್ಯುತ್ತಾನೆ. ದಪ್ಪ ಸಿಪ್ಪೆ ಮರದ ಬುಡದಲ್ಲೇ ಕೊಳೆಯುತ್ತದೆ. ಕೊಪ್ಪದಲ್ಲಿ ನಡೆದ ರೈತರ ತರಬೇತಿಯೊಂದರಲ್ಲಿ, ಬಿಸಾಡುವುದರಿಂದಲೇ ಏನಾದರೂ ತಯಾರಿಸಿ ನೇರವಾಗಿ ಮಾರಿ ಎಂದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ನನ್ನ ಹೆಂಡತಿ ವನಜ ಮಾಡಿಯೇಬಿಟ್ಟಳು: ಸಿಪ್ಪೆಯ ಉಪ್ಪಿನಕಾಯಿ, ಅರವತ್ತು ಬಾಟಲಿ.

ಲೇಬಲ್ ನನ್ನ ಪಾಲಿನ ಕೆಲಸ. ನರಸಿಂಹರಾಜಪುರದ ಪ್ರೆಸ್ಸೊಂದರಲ್ಲಿ ಕೂತು ‘ಜಾಯಿಕಾಯಿ’ಯ ಕಾಗುಣಿತವನ್ನು ಮೂರು ಸಲ ನೋಡಿದೆ. ಶೃಂಗೇರಿಯ ಎರಡು ಅಂಗಡಿಗಳಲ್ಲಿ ಬಾಟಲಿಗಳನ್ನಿಟ್ಟೆ. ಮಠಕ್ಕೆ ಬಂದ ಪರವೂರಿನವರು ಕೊಂಡೂ ಹೋದರು. ಮತ್ತೆ ಬೇಕಾದರೆ ಲೇಬಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಬೇಕಲ್ಲ? ಒಬ್ಬರೂ ಮಾಡಲಿಲ್ಲ. ನಾನು ಗಂಟೆಗೊಮ್ಮೆ ರಿಸೀವರ್ ಎತ್ತಿ ಅದಕ್ಕೆ ಜೀವವಿದೆಯೇ ಎಂದು ನೋಡುತ್ತಿದ್ದೆ. ಜಾಯಿಕಾಯಿ ಹೆಚ್ಚಾದರೆ ಅಮಲು ಏರುತ್ತದೆಂದು ಯಾರೋ ಹೇಳಿದ್ದು ನೆನಪಾಯಿತು. ಎಲ್ಲೋ ಒಂದು ಊರಿನಲ್ಲಿ ಒಂದಿಡೀ ಸಂಸಾರ ಮೊಸರನ್ನ ಉಂಡು ಎದ್ದೇಳದೆ ಮಲಗಿರುವ ಹಾಗೆ ಕಾಣತೊಡಗಿತು.

“ಎಂತ ಆಗಲ್ಲ. ನೀವೇ ದಿನಾ ತಿಂತಾ ಇದೀರಲ್ಲ” ಎಂದಳು ವನಜ.

“ಅದಕ್ಕೇ ಇರ್ಬೇಕು ನಂಗೆ ಹೀಗಾಗ್ತಿರೋದು” ಎಂದೆ.

ಹದಿನಾರನೇ ದಿನ ಮುತ್ತಿನಕೊಪ್ಪದಿಂದ ಒಂದು ಕಾರ್ಡು ಬಂತು. ‘ನಿಮ್ಮ ಉಪ್ಪಿನಕಾಯಿಯ ವಿಷಯವಾಗಿ ನಮ್ಮ ಮನೆಗೆ ದಿನವೂ ಫೋನ್ ಬರುತ್ತಿದೆ. ಫೋನ್ ಮಾಡಿದವರಿಂದಲೇ ಬಾಟಲಿಯ ಮೇಲಿನ ನಿಮ್ಮ ವಿಳಾಸ ಕೇಳಿಕೊಂಡು ಬರೆದಿದ್ದೇನೆ. ಕೂಡಲೇ ಬಂದು ಕಾಣುವುದು. ಗಿರಿಜಮ್ಮ, ನಿವೃತ್ತ ಶಿಕ್ಷಕಿ.’ ಲೇಬಲ್ ತೆಗೆದು ನೋಡಿದೆ. ಪ್ರೆಸ್ಸಿನವರಿಗೆ ನಾನು ಬರೆದುಕೊಟ್ಟದ್ದು ಬರೀ ನಂಬರು. ಅವರು ತಮ್ಮ ತಾಲ್ಲೂಕಿನ ಎಸ್‌ಟಿಡಿ ಕೋಡ್ ಸೇರಿಸಿದ್ದರು. ನಾನು ಅದನ್ನೂ ಮೂರು ಸಲ ನೋಡಿ ಸರಿ ಎಂದಿದ್ದೆ. ನಮ್ಮದೇ ನಂಬರು ಆ ಕೋಡಿನಲ್ಲಿ ಟೀಚರ್ ಮನೆಯದಾಗಿತ್ತು.

ಬಸ್ಸು ಬದಲಿಸಿಕೊಂಡು, ಕೈಯಲ್ಲೊಂದು ಬಾಟಲಿ ಹಿಡಿದು, ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ.

“ನೀವೇನಾ? ಮಧ್ಯಾಹ್ನ ಒಂದು ಗಳಿಗೆ ಮಲಗೋ ಹಾಗಿಲ್ಲ ಮಾರಾಯ್ರೆ!” ಎಂದರು ಗಿರಿಜಮ್ಮ. ನಾನು ಕ್ಷಮೆ ಕೇಳುವಷ್ಟರಲ್ಲಿ ಒಂದು ಹಾಳೆ ಮುಂದೆ ಹಿಡಿದರು. ದುಂಡನೆಯ ಅಕ್ಷರದಲ್ಲಿ ಹೆಸರು, ಊರು, ಎಷ್ಟು ಬಾಟಲಿ ಎಂಬುದೆಲ್ಲ ಇತ್ತು.

“ರಾಂಗ್ ನಂಬರ್ ಅಂತ ಇಟ್ಟುಬಿಡಬಹುದಿತ್ತಲ್ಲ?” ಎಂದೆ.

“ಅಷ್ಟು ದೂರದಿಂದ ಕೇಳ್ತಾರೆ, ಹಾಗೆ ಇಟ್ಟುಬಿಡಕ್ಕಾಗ್ತದಾ? ಹೊಟ್ಟೆಗೆ ಹಿತ, ಖಾರ ಕಮ್ಮಿ, ಮಕ್ಕಳೂ ತಿನ್ನಬಹುದು ಅಂದೆ.”

“ನೀವು ತಿಂದಿದ್ದೀರಾ?”

“ಎಲ್ಲಿ ತಿನ್ನಲಿ? ನೀವು ಈಗ ತಂದಿದೀರಿ.”

ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿದರು. ಕಣ್ಣಲ್ಲಿ ನೀರು ಬಂತು. ಎರಡು ಲೋಟ ನೀರು ಕುಡಿದರು.

“ರುಚಿ ಇದೆ. ಆದ್ರೆ ಖಾರ ಇಳಿಸಿ. ಕಮ್ಮಿ ಅಂತ ಎಲ್ಲರಿಗೂ ಹೇಳಿ ಆಗಿದೆ, ಇನ್ನು ನಾನು ಮಾತು ಬದಲಿಸೋಕಾಗಲ್ಲ.”

ವನಜ ಖಾರ ಇಳಿಸಿದಳು. ನಾನು ಉಳಿದ ಲೇಬಲ್‌ಗಳ ಕೋಡನ್ನು ಪೆನ್ನಿನಲ್ಲಿ ತಿದ್ದತೊಡಗಿದೆ. ತಿದ್ದಿದ ಬಾಟಲಿಯೊಂದನ್ನು ಕೊಂಡಿದ್ದ ಹಾಸನದವರೊಬ್ಬರಿಂದ ವಾರದಲ್ಲೇ ನಮ್ಮ ಮನೆಗೆ ಮೊದಲ ಫೋನ್ ಬಂತು. ಉಪ್ಪಿನಕಾಯಿ ಆರು ತಿಂಗಳು ಇರುತ್ತದೆಯೇ ಎಂದು ಕೇಳಿದರು. ನಾವು ಮಾಡಿಯೇ ಆರು ತಿಂಗಳಾಗಿಲ್ಲ, ಹೇಗೆ ಹೇಳಲಿ ಎಂದೆ. ಚೆನ್ನಾಗಿದೆಯಾ ಎಂದರು. ಕೆಲವರಿಗೆ ಹಿಡಿಸಬಹುದು ಎಂದೆ. ಅವರ ನಂಬರನ್ನಾದರೂ ಬರೆದುಕೊಂಡೆ. ಅವರು ಯೋಚಿಸಿ ಹೇಳುತ್ತೇನೆಂದು ಇಟ್ಟರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ವನಜ ನನ್ನ ಕೈಯಿಂದ ಲೇಬಲ್ ತಿದ್ದುವ ಪೆನ್ನು ತೆಗೆದುಕೊಂಡಳು.

ಹಾಗಾಗಿ ಮಿಕ್ಕ ಲೇಬಲ್‌ಗಳು ತಪ್ಪಾಗಿಯೇ ಹೋದವು. ಈಗ ವ್ಯವಹಾರವೆಲ್ಲ ಟೀಚರಿಗೂ ವನಜಳಿಗೂ ನಡುವೆ. ಲಾಭದಲ್ಲೂ ಟೀಚರಿಗೆ ಪಾಲುಂಟು. ಮೊನ್ನೆ ಟೀಚರ್ ಫೋನ್ ಮಾಡಿದಾಗ ಎತ್ತಿದವನು ನಾನು.

“ಓ, ನೀವಾ? ವನಜಂಗೆ ಕೊಡಿ. ಅವಳು ನಂಬರು ಕೊಟ್ಟಿದ್ಲಲ್ಲ, ಆ ಹಾಸನದವರನ್ನ ನಾನೇ ವಿಚಾರಿಸಿಕೊಂಡೆ, ನಾಲ್ಕು ಬಾಟಲಿ ಬೇಕಂತೆ. ಮೊದಲು ಯಾರೋ ತಿಳುವಳಿಕೆ ಇಲ್ಲದವರು ಫೋನ್ ಎತ್ತಿದ್ರಂತೆ.”

“ಹೌದಂತೆ, ಆಳು ಇರಬೇಕು” ಎಂದು ರಿಸೀವರನ್ನು ವನಜಳ ಕೈಗೆ ಕೊಟ್ಟು, ಸಿಪ್ಪೆ ಹೆಚ್ಚಲು ಹೋದೆ.