ಕಾಕಾನ ವಿಮಾನ ಎಡಕ್ಕೇ ಯಾಕೆ ಹೊರಳಿತು?

ಈ ಭೂಮಿಯ ಮೇಲೆ ನಮ್ಮ ಕಾಕಾ ಸಂಶಯ ಪಡದ ವಸ್ತು ಒಂದೇ ಒಂದಿದೆ: ಅವನ ಸಂಶಯ! ಉಳಿದ ಎಲ್ಲದರ ಮೇಲೂ ಅವನದೊಂದು ಕಣ್ಣು ಇದ್ದೇ ಇರುತ್ತದೆ. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ನೀವೂ ನಾನೂ ಸಂಶಯ ಪಡುತ್ತೇವೆ. ಕಾಕಾ, ಹಾಲು ಗಟ್ಟಿಯಾಗಿದ್ದರೆ ಸಂಶಯ ಪಡುತ್ತಾನೆ. "ಇವತ್ತ ಇಷ್ಟು ಛಲೋ ಹಾಲು ಯಾಕ ಹಾಕ್ಯಾನ? ನಮ್ಮ ಕಡಿಂದ ಅವಗ ಏನೋ ಕೆಲಸ ಆಗಬೇಕಾಗ್ಯದ ನೋಡು!"

ಪೂರ್ತಿ ಅವನ ತಪ್ಪೆಂದೂ ಹೇಳುವಂತಿಲ್ಲ. ಬಸವಕಲ್ಯಾಣದಲ್ಲಿ ಕೋಟೆ ಕಡೆ ಹೋಗುವ ದಾರಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಅರ್ಧ ಆಯುಷ್ಯವನ್ನು "ಜರಾ ನಗ್ರಿ" ಎಂದು ಜನರನ್ನು ಬೇಡಿಕೊಳ್ಳುವುದರಲ್ಲೇ ಕಳೆದವನು. "ನಗ್ರಿ ಅಂದ ಕೂಡ್ಲೇ ಹಲ್ಲು ಕಿಸೀತಾರಲ್ಲ, ಅವರು ಯಾರೂ ಖರೇ ನಗಂಗಿಲ್ಲ" ಎಂಬುದು ಅವನು ಕಂಡುಕೊಂಡ ಸತ್ಯ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲ್ ಬಂದು, ಜನ ತಮ್ಮಷ್ಟಕ್ಕೆ ತಾವೇ ನಕ್ಕು ಫೋಟೋ ತೆಗೆದುಕೊಳ್ಳುತ್ತಿರುವುದರಿಂದ ಕಾಕಾನಿಗೆ ಬೇಕಾದಷ್ಟು ಪುರುಸೊತ್ತು. ಸಂಶಯದ ಮನುಷ್ಯನಿಗೆ ಪುರುಸೊತ್ತು ಸಿಕ್ಕರೆ ಏನಾಗುತ್ತದೆ ಹೇಳಿ? ಅವನು ವಿಮಾನ ಕಟ್ಟಿದ!

ಗಾಬರಿಯಾಗಬೇಡಿ. ಇದು ಮನುಷ್ಯರು ಕೂತು ಹಾರುವ ವಿಮಾನವಲ್ಲ. ದೊಡ್ಡ ಛಾವಣಿಯ ಕೆಳಗೆ, ಗಾಳಿ ತಾಗದಂತೆ, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ. ಯಾವುದೋ ದೇಶದ ಮುದುಕನೊಬ್ಬ ಅಂಥದ್ದನ್ನು ಹಾರಿಸುವುದನ್ನು ಮೊಬೈಲಿನಲ್ಲಿ ನೋಡಿ, "ಇದು ಖರೇ ಇರಲಿಕ್ಕಿಲ್ಲ, ಏನೋ ಕಣ್ಕಟ್ಟು" ಎಂದುಕೊಂಡು, ಅದನ್ನು ಸುಳ್ಳೆಂದು ಸಾಬೀತು ಮಾಡಲೆಂದೇ ಕಟ್ಟಲು ಕುಳಿತ. ಮದುವೆ ಆಲ್ಬಮ್ಮುಗಳಿಗೆ ಸುತ್ತಿ ಬರುವ ತೆಳುವಾದ ಫೋಮ್ ಹಾಳೆಯಿಂದ ರೆಕ್ಕೆ ಮಾಡಿದ. ಮೋಟಾರು, ಬ್ಯಾಟರಿ ಪಾರ್ಸೆಲ್ಲಿನಲ್ಲಿ ಬಂದವು. ಇಡೀ ವಿಮಾನ ಒಂದು ಶೇಂಗಾ ಹೋಳಿಗೆಗಿಂತ ಹಗುರ. ಇದನ್ನು ಯಾಕೆ ಹೇಳಿದೆನೆಂದರೆ, ಅದರ ಮೇಲೆ ನಮ್ಮಪ್ಪ ಕೂತ ಎಂಬುದೇ ಎಲ್ಲ ರಾಮಾಯಣಕ್ಕೂ ಮೂಲ!

ಕೂತನೋ ಇಲ್ಲವೋ, ದೇವರಿಗೇ ಗೊತ್ತು. ನಮ್ಮಪ್ಪ ಕಾಕಾನ ಒಡಹುಟ್ಟಿದ ಅಣ್ಣ. ಹುಮನಾಬಾದಿನಲ್ಲಿ ತೊಗರಿ ವ್ಯಾಪಾರಿ. ಮೈ ಧಾರಾಳ, ಮೊಣಕಾಲಿನಲ್ಲಿ ನೋವು. ಎಲ್ಲಿಗೆ ಹೋದರೂ ಅವನು ಮೊದಲು ಹುಡುಕುವುದು ಕುರ್ಚಿ. ಕುರ್ಚಿ ಸಿಗದಿದ್ದರೆ ತೊಗರಿ ಚೀಲ, ಅದೂ ಸಿಗದಿದ್ದರೆ ನಿಲ್ಲಿಸಿಟ್ಟ ಯಾರದಾದರೂ ಬೈಕು! ಎರಡು ವರ್ಷದ ಹಿಂದೆ ದಸರೆಗೆ ಬನ್ನಿ ಕೊಡಲೆಂದು ಬಸವಕಲ್ಯಾಣಕ್ಕೆ ಹೋದವನು, ಹೋಳಿಗೆ ಉಂಡು ಕಾಕಾನ ಮಂಚದ ಮೇಲೆ ಒರಗಿದ. ಎದ್ದ ಮೇಲೆ ನೋಡಿದರೆ, ಅದೇ ಮಂಚದ ಮೇಲೆ ಚಾದರ ಮುಚ್ಚಿಟ್ಟಿದ್ದ ವಿಮಾನ ಹಪ್ಪಳವಾಗಿತ್ತು.

"ನೀನ ಕುಂತೀದಿ!" ಎಂದ ಕಾಕಾ.

"ನಾ ಈ ಕಡಿ ಮಲಗಿದ್ನೋ! ಆ ಚಾದರ ಮುಟ್ಟೇ ಇಲ್ಲ!"

"ನಿನಗ ಈ ಕಡಿ ಆ ಕಡಿ ಅಂತ ಎಲ್ಲದ ಅಣ್ಣ? ನೀ ಮಲಗಿದಿ ಅಂದ್ರ ಇಡೀ ಮಂಚ ನಿಂದಾ!"

ಬೀಗರು, ಬಿಜ್ಜರು ಎಲ್ಲರ ಎದುರಿಗೆ ಈ ಮಾತು. "ಒಡಹುಟ್ಟಿದವನ ಮ್ಯಾಲ ಶಕ್ ಮಾಡ್ತಿ?" ಎಂದು ಅಪ್ಪ ಚಪ್ಪಲಿ ಮೆಟ್ಟಿದ. ಕೊಡಬೇಕಾಗಿದ್ದ ಬನ್ನಿ ಕಿಸೆಯಲ್ಲೇ ಉಳಿಯಿತು. ಅಂದಿನಿಂದ ಅಣ್ಣತಮ್ಮಂದಿರ ಮಾತು ಬಂದ್.

ಹಾಗೆಂದು ಪೂರ್ತಿ ಬಂದ್ ಅಲ್ಲ. ನಡುವೆ ನಾನಿದ್ದೇನಲ್ಲ! ಅಪ್ಪನ ಜೊತೆ ಹುಮನಾಬಾದಿನಲ್ಲಿರುವ ನಾನು ಬಸವಕಲ್ಯಾಣದ ಒಂದು ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಆ ಬಸ್ಸು, ಸಂಜೆ ಈ ಬಸ್ಸು. ಶಾಲೆ ಬಿಟ್ಟು ಸ್ಟುಡಿಯೋಕ್ಕೆ ಹೋದರೆ ಕಾಕಾ ಹೇಳುವನು, "ನಿಮ್ಮಪ್ಪಗ ಹೇಳು, ಮತ್ತ ಕಟ್ಟಾಕತ್ತೇನಿ. ಇದು ನೆಟ್ಟಗ ಹಾರಿದ ದಿನ ಅವನ ಕರದು ಅವನ ಮುಂದ ಹಾರಸ್ತೀನಿ. ಅಲ್ಲೀತನಕ ಮಾತಿಲ್ಲ, ಕಥಿಯಿಲ್ಲ!" ಮನೆಗೆ ಬಂದರೆ ಅಪ್ಪ ಪೇಪರಿನ ಹಿಂದಿನಿಂದ ಕೇಳುವನು, "ಹಾರ್ತೇನು?"

"ಹಾರ್ತದಪ್ಪ. ಆದ್ರ ಎಡಕ್ಕ ಹೊಳ್ಳತದ."

"ಮೂತಿಗೆ ಜರಾ ಭಾರ ಹಾಕಂತ ಹೇಳು. ನಾ ಹೇಳೀನಿ ಅನಬ್ಯಾಡ ಮತ್ತ!"

ಮರುದಿನ ನಾನು ಮೂತಿಯ ಭಾರದ ಮಾತೆತ್ತಿದರೆ ಕಾಕಾ ಕನ್ನಡಕ ಕೆಳಗಿಳಿಸಿ ನೋಡುವನು. "ಇದು ನಿನ್ನ ತಲಿ ಅಲ್ಲ. ಯಾರ ಹೇಳಿಕೊಟ್ಟು ಕಳಿಸ್ಯಾರ?" ಇತ್ತ ಅಪ್ಪನೂ ಕಡಿಮೆಯಿಲ್ಲ. "ನೀ ಬಿಲ್ಕುಲ್ ಅವನ ಪಾರ್ಟಿ ಆಗೀದಿ" ಎನ್ನುವನು. ಎರಡೂ ಊರಿಗೆ ನಾನೇ ಗೂಢಚಾರಿಣಿ! ಬಸ್ಸಿನ ಟಿಕೇಟು ಮಾತ್ರ ನನ್ನದೇ.

ವಿಮಾನವೇನೋ ಎದ್ದಿತು. ಹಾರಿಸಿದ್ದೆಲ್ಲಿ ಅಂತೀರಾ? ಇಂಥ ವಿಮಾನಕ್ಕೆ ನಮ್ಮ ಕಡೆ ಒಂದೇ ಹಂಗಾಮು: ಆಷಾಢ. ಆಷಾಢದಲ್ಲಿ ಲಗ್ನಗಳಿಲ್ಲ, ಕಲ್ಯಾಣ ಮಂಟಪಗಳೆಲ್ಲ ಖಾಲಿ. ಕಾಕಾ ಆರಿಸಿದ್ದು ಹುಮನಾಬಾದಿನ ಒಂದು ಮಂಟಪವನ್ನು. "ಬಸವಕಲ್ಯಾಣದ ಮಂಟಪಕ್ಕ ನಡುವ ಕಂಬ ಅದಾವ" ಎಂದ. ಭಾನುವಾರ ಬಂದರೆ ವಿಮಾನವನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಹಿಡಿದು ಬಸ್ಸಿನಲ್ಲಿ ಬರುವನು. ಕಂಡಕ್ಟರನ ಮೇಲೆ ಒಂದು ಕಣ್ಣು, ಪಕ್ಕದ ಸೀಟಿನವನ ಮೇಲೆ ಇನ್ನೊಂದು. "ಡಬ್ಬ್ಯಾಗ ಏನದ್ರಿ?" ಎಂದು ಯಾರಾದರೂ ಕೇಳಿದರೆ "ಏನಿಲ್ಲ" ಎನ್ನುವನು. ಏನಿಲ್ಲದ ಡಬ್ಬಿಯನ್ನು ಯಾರಾದರೂ ಅಷ್ಟು ಅಪ್ಪಿಕೊಂಡು ಕೂಡುತ್ತಾರೆಯೇ? ಒಮ್ಮೆ ಇಡೀ ಬಸ್ಸೇ ಅವನ ಮೇಲೆ ಸಂಶಯ ಪಟ್ಟಿತು!

ಇನ್ನು ರಿಪೇರಿಯ ಸಂಭ್ರಮ ಕೇಳಿ. ಮಂಟಪದಲ್ಲಿ ಕಾಕಾ ನಿಲ್ಲುವ ಜಾಗ ಒಂದೇ. ನೆಲದ ಒಂದು ಫರಸಿಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಗುರುತು ಮಾಡಿದ್ದ. ಬಲಕ್ಕೆ ವೇದಿಕೆ, ಎಡಕ್ಕೆ ದೊಡ್ಡ ಬಾಗಿಲು. "ಪ್ರಯೋಗ ಅಂದ ಮ್ಯಾಲ ಯಾವುದೂ ಹೆಚ್ಚುಕಮ್ಮಿ ಆಗಬಾರದು" ಎನ್ನುವನು. ವಿಮಾನ ಝುಂಯ್ ಎಂದು ಏಳುವುದು, ಸ್ವಲ್ಪ ದೂರ ನೆಟ್ಟಗೆ ಹೋಗುವುದು, ಆಮೇಲೆ ಯಾರೋ ಕರೆದಂತೆ ಎಡಕ್ಕೆ ಹೊರಳಿ, ಬಾಗಿಲ ಪಕ್ಕದಲ್ಲಿ ಒಟ್ಟಿದ್ದ ಕುರ್ಚಿಗಳಿಗೆ ಹೋಗಿ ಬಡಿಯುವುದು.

ಮೊದಲ ಸಂಶಯ ಮೋಟಾರಿನ ಮೇಲೆ. ಪಂಖ ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ವಾಲುತ್ತದೆಂದು ಎಲ್ಲೋ ಓದಿ, ಮೋಟಾರಿನ ಎಡಬದಿಗೆ ಬೆಂಕಿಕಡ್ಡಿಯ ಚೂರು ಸಿಕ್ಕಿಸಿ, ಅದರ ಮೂತಿಯನ್ನು ಚೂರು ಬಲಕ್ಕೆ ತಿರುಗಿಸಿದ. ಮತ್ತೆ ಎಡಕ್ಕೇ ಹೋಯಿತು.

ಎರಡನೆಯ ಸಂಶಯ ರೆಕ್ಕೆಯ ತೂಕದ ಮೇಲೆ. ಎರಡೂ ರೆಕ್ಕೆ ಬಿಚ್ಚಿಕೊಂಡು ಬಜಾರಿನ ಪತ್ತಾರನ ಅಂಗಡಿಗೆ ಹೋದ, ಬಂಗಾರದ ತಕ್ಕಡಿಯಲ್ಲಿ ತೂಗಲು. ಪತ್ತಾರ ಫೋಮಿನ ರೆಕ್ಕೆಯನ್ನು ಹಿಂದೆ ಮುಂದೆ ಮಾಡಿ ನೋಡಿ, "ಇದರಾಗ ಎಲ್ಲಿ ಮುಚ್ಚಿಟ್ಟೀರಿ?" ಎಂದು ಪಿಸುಗುಟ್ಟಿದ. ಕಾಕಾ ಕೂಡ ಪಿಸುಗುಟ್ಟಿದ, "ನಿಮ್ಮ ತಕ್ಕಡಿ ಖರೇ ಅದಯೇನು?" ಅಲ್ಲಿಗೆ ಇಬ್ಬರ ಸ್ನೇಹ ಮುಗಿಯಿತು. ತೂಕ ಮಾತ್ರ ಎರಡೂ ಕಡೆ ಸಮವೇ ಇತ್ತು.

ಮೂರನೆಯದು ಗಾಳಿ. ಮಂಟಪದಲ್ಲಿ ಎಲ್ಲಿಂದಲೋ ಗಾಳಿ ನುಸುಳುತ್ತಿದೆ, ವಾಚ್‌ಮನ್ ಬೇಕೆಂದೇ ಕಿಟಕಿ ತೆರೆದಿಟ್ಟಿದ್ದಾನೆ! ಹೊಗೆ ಯಾವ ಕಡೆ ವಾಲುತ್ತದೆಂದು ನೋಡಲು ಕಾಕಾ ಮೂಲೆಮೂಲೆಗೂ ಊದುಬತ್ತಿ ಹಚ್ಚಿ, ನೆಲದ ಮೇಲೆ ಮಂಡಿಯೂರಿ ಕಣ್ಣು ಕಿರಿದು ಮಾಡಿ ಕುಳಿತ. ಪಾಪ, ವಾಚ್‌ಮನ್ ಚಪ್ಪಲಿ ಬಿಟ್ಟು ಬಂದು ಕೈಮುಗಿದು ನಿಂತುಕೊಂಡ. "ಯಾವ ದೇವ್ರದು ಪೂಜಾ ರೀ?" ಎಂದು ನನ್ನನ್ನು ಕೇಳಿದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ವಿಮಾನ ಎಡಕ್ಕೇ ಹೋಯಿತು.

ಕೊನೆಗೆ ಸಂಶಯ ಕಾಕಿಯ ಮೇಲೆ ಬಂತು! ಅವಳು ಒದ್ದೆ ಬಟ್ಟೆ ಒಣಹಾಕಿದ ಕೋಣೆಯಲ್ಲೇ ರೆಕ್ಕೆ ಸೊಟ್ಟಗಾಗಿದೆ ಎಂದು. ಕಾಕಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಹೇಳಿದಳು, "ಲಗ್ನ ಆದಾಗಿಂದ ನಿಮ್ಮನ್ನ ನೆಟ್ಟಗ ಮಾಡಾಕ ಆಗಿಲ್ಲ ನನಗ. ಇನ್ನ ಆ ವಿಮಾನ ಸೊಟ್ಟ ಮಾಡಾಕ ಎಲ್ಲಿ ಪುರುಸೊತ್ತು?"

ಹೀಗೆ ಆಷಾಢ ಮುಗಿಯುತ್ತ ಬಂತು. ಇನ್ನೊಂದೇ ಭಾನುವಾರ ಉಳಿದಿತ್ತು. ಆಮೇಲೆ ಮಂಟಪದ ಬಾಡಿಗೆಯವರು ಬರುತ್ತಾರೆ, ವಿಮಾನ ಮತ್ತೊಂದು ಆಷಾಢಕ್ಕೆ ಕಾಯಬೇಕು, ಅಣ್ಣತಮ್ಮಂದಿರ ಮಾತೂ ಕಾಯಬೇಕು. ನನಗೆ ನಿಜಕ್ಕೂ ಸಂಕಟವಾಗತೊಡಗಿತು. ಈ ನಡುವೆ ನಮ್ಮ ಶಾಲೆಯ ಒಬ್ಬ ಟೀಚರಿನಿಂದ ಗೊತ್ತಾಯಿತು, ಬಸವಕಲ್ಯಾಣದಲ್ಲೇ ಕಂಬವಿಲ್ಲದ ಮಂಟಪವಿದೆ, ಅದೂ ಕಾಕಾನ ಸ್ಟುಡಿಯೋದಿಂದ ನಡೆದು ಹೋಗುವಷ್ಟು ಹತ್ತಿರ! ಅಲ್ಲಿನ ಎಷ್ಟೋ ಮದುವೆಗಳ ಫೋಟೋ ಅವನೇ ತೆಗೆದಿದ್ದಾನಂತೆ. ಹಾಗಾದರೆ ಹುಮನಾಬಾದಿಗೆ ಯಾಕೆ ಬರುತ್ತಾನೆ? ಈಗ ನನಗೂ ಸಂಶಯ ಶುರುವಾಯಿತು. ರಕ್ತದಲ್ಲಿ ಬಂದದ್ದಲ್ಲವೇ!

ಅಪ್ಪನ ವರ್ತನೆಯೂ ಸಂಶಯ ತರಿಸುವಂಥದ್ದೇ. ಪ್ರತಿ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಮಂಟಪದ ಗೇಟಿನವರೆಗೆ ಬಿಡುವನು, ಒಳಗೆ ಕಣ್ಣೆತ್ತಿಯೂ ನೋಡದೆ, ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂಡುವನು. ಮನೆ ಬಿಟ್ಟು ಹೊರಗೆ ಎಂದೂ ಚಹಾ ಕುಡಿಯದ ಮನುಷ್ಯ! ಒಂದು ಭಾನುವಾರ ನನ್ನ ಕೈಗೆ ಅವನ ಮೊಬೈಲ್ ಕೊಟ್ಟು, ಬೇರೆ ಕಡೆ ನೋಡುತ್ತ, "ಒಂದು ವಿಡಿಯೋ ಮಾಡಿಕೊಂಡು ಬಾ. ವಿಮಾನದ್ದು ಬ್ಯಾಡ. ಅವನದು. ಆರಾಮ ಅದಾನೇನು ನೋಡ್ತೀನಿ" ಎಂದ.

ಆ ವಿಡಿಯೋವನ್ನು ಅಪ್ಪ ರಾತ್ರಿಯ ಊಟಕ್ಕೆ ಮೊದಲು, ಊಟದ ನಡುವೆ, ಊಟವಾದ ಮೇಲೆ ನೋಡಿದ. "ಎಷ್ಟು ಸೊರಗ್ಯಾನ ನೋಡು" ಎಂದ. ನಾನು ನೋಡಿದ್ದೇ ಬೇರೆ. ವಿಡಿಯೋದಲ್ಲಿ ಕಾಕಾ ರಿಮೋಟ್ ಹಿಡಿದು ನಿಂತಿದ್ದಾನೆ, ಚೆನ್ನಾಗಿಯೇ ಹಾರಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಅವನ ಮುಖ ಎಡಕ್ಕೆ, ದೊಡ್ಡ ಬಾಗಿಲ ಕಡೆ ತಿರುಗುತ್ತದೆ. ಮುಖದ ಜೊತೆಗೇ ಹೆಬ್ಬೆರಳೂ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಎಳೆಯುತ್ತದೆ. ಮರುಕ್ಷಣ ಕುರ್ಚಿಗೆ ಬಡಿದ ಸಪ್ಪಳ! ಮೋಟಾರೂ ಅಲ್ಲ, ರೆಕ್ಕೆಯೂ ಅಲ್ಲ, ಗಾಳಿಯೂ ಅಲ್ಲ. ಯಾರೋ ಒಳಗೆ ನುಗ್ಗಿ ವಿಮಾನ ಕೆಡಿಸುತ್ತಾರೆಂದು ಬಾಗಿಲು ಕಾಯುವ ಇವನ ಹಾಳು ಸಂಶಯವೇ ವಿಮಾನವನ್ನು ಕೆಡವುತ್ತಿದೆ ಎಂದುಕೊಂಡೆ.

ಕೊನೆಯ ಭಾನುವಾರ ನಾನು ಬೇರೇನೂ ಹೇಳಲಿಲ್ಲ. ಕಾಕಾನ ಎಡಕ್ಕೆ, ಬಾಗಿಲು ಅವನಿಗೆ ಕಾಣದಂತೆ, ಹತ್ತಿರ ಹೋಗಿ ಅಡ್ಡ ನಿಂತೆ. ವಿಮಾನ ಎದ್ದಿತು. ನೆಟ್ಟಗೆ ಹೋಯಿತು. ಎದುರಿನ ಗೋಡೆಯವರೆಗೆ ಹೋಗಿ, ಹೇಳಿದ ಮಾತು ಕೇಳುವ ಕೂಸಿನ ಹಾಗೆ ತಿರುಗಿ ಬಂದು ಕಾಕಾನ ಕಾಲ ಬಳಿ ಇಳಿಯಿತು! ನಾನು ಚಪ್ಪಾಳೆ ತಟ್ಟಿದೆ. ಕಾಕಾ ಮಾತ್ರ ಸಿಡಿಮಿಡಿಗೊಂಡ.

"ಸರಿ ಆ ಕಡಿ! ಬಾಗಿಲ ಕಾಣವಲ್ದು!"

"ಬಾಗಲದಾಗ ಏನದ ಕಾಕಾ? ಈಗ ಯಾರ ಮ್ಯಾಲ ಶಕ್?"

ಅವನು ವಿಮಾನ ಎತ್ತಿಕೊಂಡು ಅದರ ರೆಕ್ಕೆ ಒರೆಸಿದ. ಧೂಳೇ ಇರಲಿಲ್ಲ, ಆದರೂ ಒರೆಸಿದ. "ಶಕ್ ಅಲ್ಲವ್ವ" ಎಂದ ಮೆಲ್ಲಗೆ. "ನಿಮ್ಮಪ್ಪ ನಿನ್ನ ಬಿಟ್ಟ ಸ್ಕೂಟರ್ ಸಪ್ಪಳ ಕೇಳ್ತದ, ಅದು ಹೊಳ್ಳಿ ಹೋಗಿದ್ದು ಕೇಳಂಗಿಲ್ಲ. ಇವತ್ತರ ಒಳಗ ಬರ್ತಾನೇನೋ ಅಂತ ನೋಡ್ತೀನಿ. ಬರಂಗಿಲ್ಲ."

ನಾನು ಕೇಳಿದೆ, "ಮತ್ತ... ಆವತ್ತ ಅಪ್ಪ ವಿಮಾನದ ಮ್ಯಾಲ ಕುಂತಿದ್ದು?"

"ಕುಂತಿದ್ರೂ ಆತು, ಕೂಡದಿದ್ರೂ ಆತು. ಹೋಗು, ಕರಕೊಂಡು ಬಾ."

ನಮ್ಮ ಕಾಕಾ ಸಾಕ್ಷಿ ಪುರಾವೆ ಏನೂ ಕೇಳದೆ ಒಂದು ಮಾತು ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಓಡಿದೆ. ಬಾಕಿನ ಮೇಲಿದ್ದ ಅಪ್ಪ ನನ್ನನ್ನು ಕಂಡು ಚಹಾದ ಗ್ಲಾಸು ಕೆಳಗಿಟ್ಟ. "ಯಾಕ, ಮುರೀತೇನು?"

"ಇಲ್ಲಪ್ಪ, ನೆಟ್ಟಗ ಹಾರ್ತು! ಕಾಕಾ ನಿನ್ನ ಕರಿಯಾಕತ್ತಾನ."

"ಖರೇ ಅಂವ ಕರದಾನೋ, ನೀ ಹುಟ್ಟಿಸಿಕೊಂಡು ಹೇಳಾಕತ್ತೀಯೋ?" ಎಂದು ಕೇಳಿದನಾದರೂ, ಉತ್ತರಕ್ಕೆ ಕಾಯದೆ ಮೊಣಕಾಲು ಹಿಡಿದುಕೊಂಡು ಎದ್ದೇಬಿಟ್ಟ.

ನಾವು ದೊಡ್ಡ ಬಾಗಿಲಿಗೆ ಬರುವ ಹೊತ್ತಿಗೆ ವಿಮಾನ ಮತ್ತೆ ಗಾಳಿಯಲ್ಲಿತ್ತು. ಕಾಕಾ ಈ ಕಡೆ ನೋಡಿದ. ಹೆಬ್ಬೆರಳು ಬಿಡಬೇಕಲ್ಲ! ವಿಮಾನ ಎಡಕ್ಕೆ ಹೊರಳಿತು. ಆದರೆ ಈ ಸಲ ಕುರ್ಚಿಗಳ ಮೇಲಿನಿಂದ ದಾಟಿ, ನಿಧಾನವಾಗಿ, ನೇರ ಅಪ್ಪನ ಎದೆಯ ಕಡೆ ಬಂತು. ಕಾಕಾ ಮೋಟಾರು ಬಂದ್ ಮಾಡಿದ. ಅಪ್ಪ ಎರಡೂ ಅಂಗೈ ಚಾಚಿ ಅದನ್ನು ಹಿಡಿದುಕೊಂಡ. ಹಿಡಿದವನು ಉಸಿರಾಡಲೂ ಹೆದರಿದಂತೆ ನಿಂತ. ಕಾಕಾನೂ ಅಲ್ಲೇ, ಆ ಖಡುವಿನ ಗುರುತಿನ ಮೇಲೆ ನಿಂತಿದ್ದ. ಎರಡು ವರ್ಷದ ಮೇಲೆ ತಮ್ಮನಾದವನು ಅಣ್ಣನಿಗೆ ಏನು ಹೇಳಿಯಾನು?

"ಅಣ್ಣ" ಎಂದ ಕಾಕಾ. "ಹುಷಾರ್. ಕೂಡಬ್ಯಾಡ!"

ಅಪ್ಪ ನಕ್ಕ ನಗುವಿಗೆ ಅವನ ಹೊಟ್ಟೆಯ ಜೊತೆ ವಿಮಾನವೂ ಕುಣಿಯಿತು. ಕಾಕಾನೂ ಕಣ್ಣೊರೆಸಿಕೊಳ್ಳುತ್ತ ನಕ್ಕ. ವಾಚ್‌ಮನ್ ಚಹಾ ತರಿಸಿದ, ಕಾಕಾ ಬೆಂಕಿಕಡ್ಡಿಯಿಂದ ಊದುಬತ್ತಿಯವರೆಗಿನ ಕಥೆಯನ್ನೆಲ್ಲ ಹೇಳಿದ, ಅಪ್ಪ ಹೂಂಗುಟ್ಟುತ್ತ ಕೇಳಿದ. ಮಂಟಪದ ತುಂಬ ಕುರ್ಚಿಗಳಿದ್ದವು. ಮೊಣಕಾಲು ನೋವಿನ ನಮ್ಮಪ್ಪ, ತಮ್ಮನ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಂಜೆಯಾಗುವವರೆಗೂ ನಿಂತೇ ಇದ್ದ.