ಹೆಸರು ಬಂತು, ಮೆಂಬರ್ ಹೋದ

ಸಂಘ ಕಟ್ಟಿ ನಡೆಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ. ಒಂದನ್ನು ಕೂಡಿಸುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ. ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದಾಗ ಆರು ವರ್ಷ ಈ ತಕ್ಕಡಿ ಹಿಡಿದಿದ್ದೆ. ಅಂದರೆ ರೇಡಿಯೋ ಕೇಳುಗರ ಸಂಘದ ಕಾರ್ಯದರ್ಶಿಯಾಗಿದ್ದೆ. ದನಗಳು ಎಷ್ಟೋ ವಾಸಿ. ಅವು ಯಾಕೆ ಬಂದಿವೆ ಎಂದು ಬಾಲ ಎತ್ತಿ ನೋಡಿದರೆ ತಿಳಿಯುತ್ತಿತ್ತು. ಮೆಂಬರುಗಳ ವಿಷಯದಲ್ಲಿ ಆ ಅನುಕೂಲ ಇರಲಿಲ್ಲ.

ಕಟ್ಟಕಡೆಯ ಹೆಸರು

ನಮ್ಮ ಸಂಘಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಟೇಲರ್ ಮಾಸ್ತರರ ಅಂಗಡಿಯೇ ಕಟ್ಟಡ, ಅವರ ರೇಡಿಯೋನೇ ಆಸ್ತಿ, ಅವರೇ ಅಧ್ಯಕ್ಷರು. ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ರೇಡಿಯೋದಲ್ಲಿ ಕೇಳುಗರು ಬಯಸಿದ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. ನಾವು ಒಂದು ಪೋಸ್ಟ್ ಕಾರ್ಡಿನ ಮೇಲೆ ಬೇಕಾದ ಹಾಡು, ಅದರ ಕೆಳಗೆ ಮೆಂಬರುಗಳ ಹೆಸರು ಬರೆದು ಕಳಿಸುತ್ತಿದ್ದೆವು. ಕಾರ್ಡು ಆರಿಸಿದರೆ ಹಾಡಿಗೆ ಮುಂಚೆ ಹೆಸರು ಓದುತ್ತಿದ್ದರು. ಹಾಡು ಮೂರು ನಿಮಿಷ, ಹೆಸರು ಮೂರು ಸೆಕೆಂಡು. ನಮ್ಮವರು ಬರುತ್ತಿದ್ದದ್ದು ಆ ಮೂರು ಸೆಕೆಂಡಿಗೆ.

ಓದುವ ಅಕ್ಕನವರಿಗೆ ಪುರಸೊತ್ತು ಕಡಿಮೆ. ಐದಾರು ಹೆಸರು ಓದಿ "ಹಾಗೂ ಗೆಳೆಯರು" ಎಂದು ಮುಗಿಸಿಬಿಡುತ್ತಿದ್ದರು. ನಮ್ಮ ಮಾಸ್ತರರೋ ತಮ್ಮ ಹೆಸರನ್ನು ಕಟ್ಟಕಡೆಗೆ ಬರೆಸುತ್ತಿದ್ದರು.

"ಮಾಸ್ತರ್, ಇದೊಂದ್ ಸಲ ಮ್ಯಾಲ ಬರೀತೇನಿ ತಡೀರಿ" ಎಂದರೆ ಕೇಳುತ್ತಿರಲಿಲ್ಲ.

"ಬ್ಯಾಡ್ರಿ ಕಂಪೌಂಡರ್ ಸಾಬ್. ಮನ್ಯಾಗ ದಾವತ್ ಇಟ್ಟಾಂವ ತಾನ ಮೊದಲ ಉಣ್ಣಾಕ ಕುಂದರ್ತಾನೇನ್ರಿ? ಮಂದಿ ಉಂಡ ಮ್ಯಾಲ ಉಳಿದ್ರ ನಮ್ದು."

ಉಳಿಯುತ್ತಿರಲಿಲ್ಲ. ಆದರೂ ಪ್ರತಿ ವಾರ ಹೆಸರು ಓದಲು ಸುರು ಮಾಡಿದೊಡನೆ ಮಾಸ್ತರರ ಕಾಲು ಹೊಲಿಗೆ ಮಷೀನಿನ ಮೇಲೆ ನಿಂತುಬಿಡುತ್ತಿತ್ತು. ಪ್ರತಿ ಹೆಸರಿಗೂ ಅವರ ತುಟಿ ಅಲುಗಾಡುತ್ತಿತ್ತು. "ಹಾಗೂ ಗೆಳೆಯರು" ಎಂದು ಬಂದ ಕೂಡಲೇ "ಗೆಳೆಯರಾಗ ನಾ ಬಂದೇನಿ ಬಿಡ್ರಿ" ಎಂದು ಮತ್ತೆ ಮಷೀನ್ ತುಳಿಯುತ್ತಿದ್ದರು. ಒಮ್ಮೆಯಾದರೂ ರೇಡಿಯೋದಲ್ಲಿ ತಮ್ಮ ಹೆಸರು ಕೇಳಬೇಕೆಂಬ ಆಸೆ ಅವರಿಗೆ ಬಹಳ ಇತ್ತು. ರಿವಾಜು ಬಿಡುವ ಆಸೆ ಮಾತ್ರ ಇರಲಿಲ್ಲ. ಎರಡೂ ಒಂದೇ ಕಾರ್ಡಿನಲ್ಲಿ ಹಿಡಿಸುತ್ತಿರಲಿಲ್ಲ.

ಟಿಕೀಟು ತಗಸಿದ ಊರು

ಮಾಸ್ತರರ ಅಂಗಡಿಯ ಎದುರಿಗೆ ಕಿರಾಣಿ ಸಾಹುಕಾರರ ಅಂಗಡಿ. ಅವರು ಒಂದು ದಿನ ರಸ್ತೆ ದಾಟಿ ಬಂದು ಮೆಂಬರ್ ಆದರು. ಬಹಳ ಹುರುಪು. ಸಂಘಕ್ಕೆ ಬೋರ್ಡು ಬರೆಸಬೇಕು, ವರ್ಷಕ್ಕೊಮ್ಮೆ ಸಮಾರಂಭ ಮಾಡಬೇಕು, ಎಲ್ಲರೂ ಕೂಡಿ ಗುಲ್ಬರ್ಗಾಕ್ಕೆ ಹೋಗಿ ರೇಡಿಯೋ ಸ್ಟೇಷನ್ ನೋಡಿ ಬರಬೇಕು. ಮೂರನೇ ಭಾನುವಾರ ಅವರ ಹೆಸರು ಬಂತು. ಎಲ್ಲರಿಗೂ ಪೇಡೆ ಹಂಚಿದರು. ನಾಲ್ಕನೇ ಭಾನುವಾರ ಆಸಾಮಿ ಇಲ್ಲ. ಐದನೆಯದಕ್ಕೂ ಇಲ್ಲ. ಜ್ವರವೋ ಏನೋ ಎಂದು ನಾನೇ ರಸ್ತೆ ದಾಟಿದೆ. ಸಾಹುಕಾರರು ಗಟ್ಟಿಮುಟ್ಟಾಗಿ ಕೂತು ಬೆಲ್ಲ ಒಡೆಯುತ್ತಿದ್ದರು.

"ಯಾಕ್ರಿ ಸಾವ್ಕಾರ್ರ, ಸಂಘದ ಕಡಿ ಬರಲೇ ಇಲ್ಲಲ್ರಿ?"

"ಹೆಸ್ರು ಬಂತಲ್ರಿ."

"ಹೆಸ್ರು ಬಂತು ಖರೆ. ಸಂಘ ಇನ್ನಾ ಅದ ಅಲ್ರಿ?"

ಸಾಹುಕಾರರು ನನ್ನನ್ನು ಕನಿಕರದಿಂದ ನೋಡಿದರು. "ಕಂಪೌಂಡರ್ ಸಾಹೇಬ್ರ, ನೀವು ಶಹಾಪುರಕ್ಕ ಟಿಕೀಟು ತಗಸ್ತೀರಿ. ಶಹಾಪುರ ಬರ್ತದ. ಇಳೀತೀರೋ, ಬಸ್ಸಿನ್ಯಾಗ ಹಂಗೇ ಕುಂತಿರ್ತೀರೋ?"

ಇಳೀತೇನಿ ಅಂದೆ. ಅವರು ಬೆಲ್ಲದ ಚೂರು ಕೈಗಿಟ್ಟು ಕಳಿಸಿದರು.

ಬೀಗರು

ಇಬ್ಬರು ಮೆಂಬರುಗಳು ನಮ್ಮ ಸಂಘದಲ್ಲೇ ಕೂತು ಕೂತು ಬೀಗರಾದರು. ಎಣ್ಣೆ ಗಾಣದವರ ಮಗಳು, ವಾರಕ್ಕೊಮ್ಮೆ ಜೇವರ್ಗಿಗೆ ಬರುತ್ತಿದ್ದ ಯಡ್ರಾಮಿಯ ಬಟ್ಟೆ ವ್ಯಾಪಾರಿಯ ಮಗ. ನಿಶ್ಚಯವೂ ಆಯಿತು. ಸಂಘಕ್ಕೆ ಒಳ್ಳೆಯ ಹೆಸರು ಬಂತು ಎಂದು ಮಾಸ್ತರರಿಗೆ ಬಹಳ ಸಂತೋಷ. ಆ ಸಂತೋಷ ಮುಂದಿನ ಭಾನುವಾರದವರೆಗೆ ಇತ್ತು.

ನಾನು ಹೆಸರು ಬರೆಯುತ್ತಿದ್ದದ್ದು ಮೆಂಬರ್ ಆದ ಕ್ರಮದಲ್ಲಿ. ಗಾಣದವರು ಹಳಬರು, ಅವರ ಹೆಸರು ಮೊದಲು. ಅಕ್ಕನವರು ಹಾಗೆಯೇ ಓದಿದರು. ಯಡ್ರಾಮಿಯ ಬೀಗರು ಎದ್ದು ನಿಂತರು.

"ಹೆಣ್ಣಿನ ತಂದಿ ಮೊದಲ. ಆಮ್ಯಾಲ ದನದ ಕಂಪೌಂಡರ್. ಆಮ್ಯಾಲ ಕರೆಂಟಿನ ಲೈನ್‌ಮನ್. ಆಮ್ಯಾಲ ಗಂಡಿನ ತಂದಿ! ಇದ್ಯಾವ ರಿವಾಜ್ರಿ?"

ಹೆಣ್ಣಿನ ತಂದೆಯ ಮುಖ ಬಿಳುಪೇರಿತು. "ಬೀಗರ, ನಾ ಓದಿಲ್ರಿ. ರೇಡಿಯೋದಾಗ ಓದ್ಯಾರ್ರಿ."

"ಜಿಲ್ಲಾಕ್ಕೆಲ್ಲ ಕೇಳ್ಸಿ ಓದ್ಯಾರ. ಜಿಲ್ಲಾಕ್ಕೆಲ್ಲ ಕೇಳ್ಸಿ ತಿದ್ದಬೇಕು. ಅಲ್ಲೀತನ ಮುಹೂರ್ತದ ಮಾತಿಲ್ಲ."

ನಾನು ಆವತ್ತೇ ಗಂಡಿನ ತಂದೆಯ ಹೆಸರು ಮೊದಲು ಹಾಕಿ ಕಾರ್ಡು ಕಳಿಸಿದೆ. ಆ ವಾರ ಆರಿಸಲಿಲ್ಲ. ಮುಂದಿನ ವಾರವೂ ಇಲ್ಲ. ಮದುವೆ ಮುರಿಯುವ ಲಕ್ಷಣ ಕಂಡಿತು. ಕೊನೆಗೆ ಮಾಸ್ತರರು ಬಸ್ಸು ಹತ್ತಿ ಯಡ್ರಾಮಿಗೆ ಹೋಗಿ ಒಂದು ರಾಜಿಗೆ ಒಪ್ಪಿಸಿ ಬಂದರು. ಅದರ ಪ್ರಕಾರ ಮದುವೆಯ ದಿನ ಲೌಡ್‌ಸ್ಪೀಕರಿನವನು ಒಂದೊಂದು ಹಾಡಿಗೂ ಮುಂಚೆ ಮೈಕಿನಲ್ಲಿ ಗಂಡಿನ ತಂದೆಯ ಹೆಸರು ಮೊದಲು, ಹೆಣ್ಣಿನ ತಂದೆಯ ಹೆಸರು ಆಮೇಲೆ ಓದಿದ. ಬೆಳಗಿನಿಂದ ಸಂಜೆಯವರೆಗೆ ಓದಿದ.

ಮದುವೆ ಮುಗಿದ ಮೇಲೆ ಬೀಗರಿಬ್ಬರೂ ಕೂಡಿಯೇ ಬಂದು ಸಂಘ ಬಿಟ್ಟರು. "ನಿಮ್ಮ ರೇಡಿಯೋಕ್ಕಿಂತ ಆ ಲೌಡ್‌ಸ್ಪೀಕರ್ ಹುಡಗ ಛಲೋ ಓದ್ತಾನ್ರಿ" ಅಂದರು.

ಒಮ್ಮೆಯೂ ತಪ್ಪಿಸದ ಮೆಂಬರ್

ಇಷ್ಟೆಲ್ಲದರ ನಡುವೆ ಆರು ವರ್ಷ ಒಂದು ವಾರವೂ ತಪ್ಪಿಸದೆ ಬಂದವರು ಒಬ್ಬ ರೈತ ಕಾಕಾ. ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಬಂದು ಬಾಗಿಲ ಪಕ್ಕ ಕೂಡುವರು. ಆಗ ಹಿಂದಿನ ದಿನದ ಪೇಟೆ ಧಾರಣೆ ಬರುತ್ತಿತ್ತು. ತೊಗರಿಯ ರೇಟು ಕೇಳಿ, ಟವೆಲ್ ಝಾಡಿಸಿ, ಹಾಡು ಸುರುವಾಗುವ ಹೊತ್ತಿಗೆ ಎದ್ದು ಹೋಗುವರು.

"ಕಾಕಾ, ಒಂದ್ ಹಾಡರ ಕೇಳಿ ಹೋಗ್ರಿ" ಎಂದೆ ಒಮ್ಮೆ.

"ಹಾಡಿನ್ಯಾಗ ತೊಗರಿ ರೇಟು ಹೇಳ್ತಾರೇನಪಾ?"

"ಇಲ್ರಿ."

"ಮತ್ತ?"

ಅವರೊಬ್ಬರು ಯಾಕೆ ಸಂಘ ಬಿಡಲಿಲ್ಲ ಎಂಬುದು ನನಗೆ ಗೊತ್ತು. ಪಟ್ಟಿ ಉದ್ದ ಕಾಣಲಿ ಎಂದು ನಾನೇ ಅವರ ಹೆಸರು ಬರೆದುಕೊಂಡಿದ್ದೆ. ಅವರು ಸಂಘದಲ್ಲಿದ್ದಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗೀಟು ಬಿದ್ದ ಹೆಸರು

ಮಾಸ್ತರರ ಸಂಕಟ ನೋಡಲಾರದೆ ಹೈಸ್ಕೂಲಿನ ಡ್ರಾಯಿಂಗ್ ಸರ್ ಒಂದು ವಾರ ನನ್ನ ಕೈಯಿಂದ ಕಾರ್ಡು ಕಸಿದುಕೊಂಡರು. ಎಲ್ಲಕ್ಕಿಂತ ಮೇಲೆ ಮಾಸ್ತರರ ಹೆಸರು, ಅದೂ ಕೆಂಪು ಶಾಯಿಯಲ್ಲಿ, ಸುತ್ತಲೂ ಬಳ್ಳಿ, ಮೂಲೆಗೊಂದು ಹೂವು. ಆದರೆ ಕಾರ್ಡುಗಳನ್ನು ಪೋಸ್ಟಿನ ಡಬ್ಬಿಗೆ ಹಾಕಲು ಮಾಸ್ತರರೇ ಒಯ್ಯುತ್ತಿದ್ದರು. ದಾರಿಯಲ್ಲಿ ಓದಿದರು. ಬಳ್ಳಿಯ ಮೇಲೆ ಗೀಟು ಹೊಡೆದು, ತಮ್ಮ ಹೆಸರನ್ನು ಕೆಳಗೆ ಸಣ್ಣದಾಗಿ ಬರೆದು ಡಬ್ಬಿಗೆ ಹಾಕಿದರು.

ಇದು ತಿಳಿದು ಡ್ರಾಯಿಂಗ್ ಸರ್ ಕೆಂಡವಾದರು. "ಕಲಾಕಾರನ ಕೆಲಸದ ಮ್ಯಾಲ ಗೀಟು ಹಾಕೂದಂದ್ರ ಏನ್ರಿ? ನಾ ಇನ್ನ ಈ ಮೆಟ್ಟಲಾ ತುಳಿಯಂಗಿಲ್ಲ" ಎಂದು ಸಂಘ ಬಿಟ್ಟರು. ಮೂರು ವಾರದ ನಂತರ ಪ್ಯಾಂಟಿನ ಹೊಲಿಗೆ ಬಿಚ್ಚಿತು. ಮತ್ತೆ ಮೆಂಬರ್ ಆದರು.

ಕೊನೆಯ ಭಾನುವಾರ

ಆಮೇಲೆ ಒಂದು ದಿನ ಅಕ್ಕನವರು ಮುಂದಿನ ತಿಂಗಳ ಕೊನೆಗೆ ಈ ಕಾರ್ಯಕ್ರಮ ಮುಗಿಯುತ್ತದೆ ಎಂದು ಹೇಳಿದರು. ಮಾಸ್ತರರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಹೌದೇನ್ರಿ" ಎಂದಷ್ಟೇ ಅಂದರು. ಆ ದಾರ ಬಹಳ ಹೊತ್ತು ಪೋಣಿಸಿದರು. ಆರು ವರ್ಷ ತಮ್ಮ ಜಾಗ, ತಮ್ಮ ರೇಡಿಯೋ ಕೊಟ್ಟು ಊರಿನ ಹೆಸರೆಲ್ಲ ಓದಿಸಿದ ಮನುಷ್ಯ ತನ್ನ ಹೆಸರು ಕೇಳದೆಯೇ ಉಳಿಯಬೇಕೆ?

ಗುಟ್ಟಾಗಿ ಎಲ್ಲರನ್ನೂ ಕಂಡೆ. ಇದ್ದವರನ್ನೂ ಕಂಡೆ, ಬಿಟ್ಟುಹೋದವರನ್ನೂ ಕಂಡೆ. ಕಿರಾಣಿ ಸಾಹುಕಾರರು, "ಮಾಸ್ತರ್ ಸಲುವಾಗಿ ಅಂದ್ರ ಇನ್ನೊಮ್ಮೆ ಬಸ್ ಹತ್ತೂಣು" ಅಂದರು. ಒಬ್ಬೊಬ್ಬರೂ ಬೇರೆ ಬೇರೆ ಕಾರ್ಡು ಬರೆಯಬೇಕು, ಅದರ ಮೇಲೆ ಮಾಸ್ತರರ ಹೆಸರು ಒಂದೇ ಇರಬೇಕು ಎಂದು ಠರಾವಾಯಿತು. ಯಾವುದಾದರೂ ಒಂದು ಆರಿಸಿದರೂ ಸಾಕು. ಜೇವರ್ಗಿಯ ಡಬ್ಬಿಗೆ ಹಾಕಿದರೆ ಪೋಸ್ಟ್‌ಮನ್ ಅಂಗಿಯ ಅಳತೆ ಕೊಡುವಾಗ ಬಾಯಿ ಬಿಡುತ್ತಾನೆ. ಆದ್ದರಿಂದ ನಾನು ಗಾಣಗಾಪುರದ ದರ್ಶನಕ್ಕೆ ಹೋದಾಗ ಚೌಡಾಪುರದಲ್ಲಿ ಹಾಕಿದೆ. ಡ್ರಾಯಿಂಗ್ ಸರ್ ಅಫಜಲಪುರದ ಬೀಗತನದ ಮನೆಗೆ ಹೋಗಿ ಹಾಕಿದರು. ಲೈನ್‌ಮನ್ ಆಳಂದದಲ್ಲಿ ಹಾಕಿದ. ಎಲ್ಲ ಬಂದೋಬಸ್ತಾಗಿತ್ತು. ಯಾವ ಹಾಡು ಎಂದು ಮಾತ್ರ ಯಾರೂ ಮಾತಾಡಿಕೊಂಡಿರಲಿಲ್ಲ. ಅವರವರಿಗೆ ಸೇರಿದ ಹಾಡು ಅವರವರು ಬರೆದರು.

ಕೊನೆಯ ಭಾನುವಾರ ಅಂಗಡಿಯಲ್ಲಿ ಮಾಸ್ತರರಲ್ಲದೆ ಏಳು ಜನ ಕೂತಿದ್ದೆವು. ಮೊದಲ ಹಾಡು ದೇವರ ನಾಮ. ಬಯಸಿದವರು, ಜೇವರ್ಗಿಯ ನಮ್ಮ ಮಾಸ್ತರರು. ಹೆಸರು ಪೂರ್ತಿ ಬಂತು, ಸ್ಪಷ್ಟವಾಗಿ ಬಂತು.

ಮಷೀನ್ ನಿಂತಿತು. ಮಾಸ್ತರರು ರೇಡಿಯೋ ನೋಡಿದರು, ನಮ್ಮನ್ನು ನೋಡಿದರು. "ನಂದೇನ್ರೀ?"

"ನಿಮ್ದೇ, ಮಾಸ್ತರ್."

ಚಷ್ಮಾ ತೆಗೆದು ಯಾರದೋ ಹೊಸ ಅಂಗಿಯ ತೋಳಿನಿಂದ ಒರೆಸಿಕೊಂಡರು. ನನಗೂ ಕಣ್ಣು ತುಂಬಿತು. ದೇವರು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಎರಡನೇ ಹಾಡು ಕೂಸಿನ ಜೋಗುಳ. ಬಯಸಿದವರು ಅವರೇ. ಅವರ ಕಿರಿಯ ಮಗ ಕಾಲೇಜಿನಲ್ಲಿ ಓದುತ್ತಿದ್ದ. "ಎಲ್ಲಾ ಕಾರ್ಡೂ ಆರಿಸ್ಯಾರಂತ ಕಾಣ್ತದ" ಎಂದು ಲೈನ್‌ಮನ್ ನನ್ನ ಕಿವಿಯಲ್ಲಿ ಅಂದ. ಮೂರನೆಯದು ನಾನು ಬರೆದದ್ದು, ಬಿಟ್ಟುಹೋದವಳನ್ನು ನೆನೆದು ಅಳುವ ಹಾಡು. ಬಯಸಿದವರು ಮತ್ತೆ ಅವರೇ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಪರದೆ ಸ್ವಲ್ಪ ಅಲುಗಾಡಿತು. ನಾಲ್ಕನೆಯದು ಹೊಸ ಪ್ರೇಮಿಗಳು ಹೊಳೆಯ ದಂಡೆಯಲ್ಲಿ ಹಾಡುವ ಹಾಡು. ಅದು ಡ್ರಾಯಿಂಗ್ ಸರ್ ಅವರ ಆಯ್ಕೆ. ಪರದೆ ಪೂರ್ತಿ ಸರಿಯಿತು. ಮಾಸ್ತರರ ಮನೆಯವರು ಸೌಟು ಹಿಡಿದು ನಿಂತಿದ್ದರು.

"ಬಿಟ್ಟು ಹೋದಾಕಿ ಯಾರ್ರೀ?" ಎಂದು ಕೇಳಿದರು. "ಈಗ ಹೊಳೀ ದಂಡೀಗಿ ಬಂದಾಕಿ ಯಾರ್ರೀ?"

"ತೌಬಾ, ತೌಬಾ!" ಎಂದು ಮಾಸ್ತರರು ಎದ್ದವರೇ ರೇಡಿಯೋ ಕಿವಿ ಹಿಂಡಿ ಬಂದ್ ಮಾಡಿದರು. ಆರು ವರ್ಷ ಹೆಸರಿಗಾಗಿ ಕಾದವರು ಹದಿನೈದು ನಿಮಿಷಕ್ಕೆ ಹಣ್ಣಾಗಿದ್ದರು. ನಾವು ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡೆವು. ಯಾವ ಹಾಡು ಯಾರದು ಎಂದು ಪಂಚಾಯಿತಿ ಮುಗಿದು ಸೌಟು ಒಳಗೆ ಹೋಗುವಷ್ಟರಲ್ಲಿ ಎದುರು ಅಂಗಡಿಯಿಂದ ಸಾಹುಕಾರರು ಓಡಿ ಬಂದರು.

"ನನ್ನ ಹೆಸ್ರು ಮತ್ತ ಬಂತ್ರೀ! ಎಲ್ಲಾರದೂ ಬಂತು! ಕೇಳಿದ್ರಿಲ್ಲ?"

ಮಾಸ್ತರರನ್ನು ಕೇಳಿದರೆ, ಕೊನೆಯ ಹಾಡು ಅವರೇ ಕಳಿಸಿದ ಕಾರ್ಡಿನದಂತೆ. ನಮಗೆ ಹೇಳದೆ ಅವರೂ ಒಂದು ಹಾಕಿದ್ದರು. ಆರು ವರ್ಷದಲ್ಲಿ ಸಂಘಕ್ಕೆ ಬಂದವರು, ಹೋದವರು, ಎಲ್ಲರ ಹೆಸರೂ ಅದರಲ್ಲಿತ್ತಂತೆ. ಬೀಗರಲ್ಲಿ ಗಂಡಿನ ತಂದೆ ಮೊದಲು. ತೊಗರಿ ಕಾಕಾನೂ ಇದ್ದರಂತೆ. ಕೊನೆಯ ದಿನವೆಂದು ಅಕ್ಕನವರು ಒಂದೂ ಬಿಡದೆ ಓದಿದ್ದರು. ಇಡೀ ಜಿಲ್ಲೆ ಕೇಳಿತ್ತು. ನಾವು ಏಳು ಜನ ಬಂದ್ ಆದ ರೇಡಿಯೋದ ಮುಂದೆ ಕೂತಿದ್ದೆವು.

"ಅದ್ರಾಗ ನಿಮ್ದೊಂದ ಇರಲಿಲ್ಲ ನೋಡ್ರಿ, ಮಾಸ್ತರ್" ಅಂದರು ಸಾಹುಕಾರರು.

"ಕಾರ್ಡಿನ್ಯಾಗ ಜಾಗ ಉಳೀಲಿಲ್ರಿ" ಅಂದರು ಮಾಸ್ತರರು.

ಲೈನ್‌ಮನ್, "ಅದನ್ನ ಇನ್ನೊಮ್ಮೆ ಓದ್ರಿ ಅಂತ ಒಂದ್ ಕಾರ್ಡ್ ಹಾಕೂಣ್ರಿ" ಎಂದ. ಕಾರ್ಯಕ್ರಮವೇ ಮುಗಿದಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಾನು ಕಾರ್ಡು ತೆಗೆದೆ. ಈ ಸಲ ಮಾಸ್ತರರ ಹೆಸರು ಎಲ್ಲಕ್ಕಿಂತ ಮೇಲೆ ಎಂದು ಏಳೂ ಜನ ಒಂದೇ ಬಾಯಿಂದ ಅಂದೆವು. ಆರು ವರ್ಷದಲ್ಲಿ ನಾವು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಮಾಸ್ತರರು ಕತ್ತರಿ ಕೆಳಗಿಟ್ಟರು. "ನಂದು ಮೊದಲ ಬರಿಯೂದಾದ್ರ ಈ ಸಂಘದಾಗ ನಾ ಇರಂಗಿಲ್ರಿ. ತಗೋರಿ, ರಾಜೀನಾಮಾ ಕೊಟ್ಟೇನಿ."

ಸಂಘ ಬಿಟ್ಟವರೆಲ್ಲ ಇಷ್ಟು ವರ್ಷ ಎದ್ದು ತಮ್ಮ ಮನೆಗೆ ಹೋಗುತ್ತಿದ್ದರು. ಮಾಸ್ತರರೂ ಸಿಟ್ಟಿನಿಂದ ಎದ್ದರು, ಬಾಗಿಲವರೆಗೂ ಹೋದರು. ಅಂಗಡಿ ತಮ್ಮದೇ ಎಂದು ಆಗ ನೆನಪಾಗಿ ತಿರುಗಿ ಬಂದು, ನಮ್ಮ ನಡುವೆಯೇ ಕೂತು ಮಷೀನ್ ತುಳಿಯತೊಡಗಿದರು.