ಕೆಂಪರಾಜರ ಹಾಲ್‌ಸ್ಟ್ಯಾಂಡ್

ಊರಿನಲ್ಲಿ ಇಂಗ್ಲಿಷ್ ಬಲ್ಲವರ ಮನೆ ಯಾವುದೆಂದು ಕೇಳಿದರೆ ಎಲ್ಲರೂ ಕೆಂಪರಾಜರ ಮನೆಯತ್ತಲೇ ಕೈ ತೋರಿಸಬೇಕು, ಅದಕ್ಕೆ ಸಾಕ್ಷಿಯಾಗಿ ಬಾಗಿಲ ಪಕ್ಕದಲ್ಲೇ ಒಂದು ಹಾಲ್‌ಸ್ಟ್ಯಾಂಡ್ ನಿಂತಿರಬೇಕು ಎಂದು ಒಂದು ಭಾನುವಾರ ಅವರೇ ತೀರ್ಮಾನಿಸಿಬಿಟ್ಟರು.

ಕೆಂಪರಾಜ್ ದೊಡ್ಡಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆ ತ್ಯಾಮಗೊಂಡ್ಲು ಪಕ್ಕದ ಹಳ್ಳಿಯಲ್ಲಿ. ಕಚೇರಿಯಲ್ಲಿ ಯಾರು ಇಂಗ್ಲಿಷ್ ಪತ್ರ ಬರೆದರೂ ಅದು ಇವರ ಕೆಂಪು ಪೆನ್ನಿಗೆ ತಲೆಯೊಡ್ಡಿಯೇ ಮುಂದೆ ಹೋಗಬೇಕು. ಇಂಥವರು ಆ ದಿನ ಸಹೋದ್ಯೋಗಿ ಪ್ರಿಯಾಂಕಳ ಗೃಹಪ್ರವೇಶಕ್ಕೆ ಹೋಗಿದ್ದರು. ಬಾಗಿಲ ಬಳಿ ಕನ್ನಡಿ, ಕೊಕ್ಕೆಗಳು, ಛತ್ರಿ ಇಡುವ ಗೂಡು ಎಲ್ಲ ಇದ್ದ ಮರದ ಸಾಮಾನೊಂದನ್ನು ನೋಡಿ, "ಬೀರು ಚೆನ್ನಾಗಿದೆ ಕಣಮ್ಮ, ಆದ್ರೆ ಬಾಗಿಲೇ ಇಲ್ವಲ್ಲ" ಅಂದುಬಿಟ್ಟರು.

"ಬೀರು ಅಲ್ಲ ಸಾರ್, ಹಾಲ್‌ಸ್ಟ್ಯಾಂಡ್" ಅಂದಳು ಪ್ರಿಯಾಂಕ. ನಗು ಊಟದ ಪಂಕ್ತಿಯವರೆಗೂ ಹರಿಯಿತು.

ಮನೆಗೆ ಬಂದವರೇ ಬಟ್ಟೆಯನ್ನೂ ಬದಲಿಸದೆ ನಿಘಂಟು ತೆಗೆದರು. ಹೆಂಡತಿ ಸಿಂಧುವನ್ನು ಎದುರಿಗೆ ಕೂರಿಸಿಕೊಂಡರು.

"ನೋಡು, ಹಾಲ್ ಅಂದ್ರೆ ಹಜಾರ. ಬಾಗಿಲಿಂದ ಒಳಗೆ ಬಂದ ತಕ್ಷಣ ಸಿಗೋ ಜಾಗ. ಅಲ್ಲಿ ಕೋಟು, ಟೋಪಿ, ಛತ್ರಿ ಇಡೋಕೆ ನಿಲ್ಸೋ ಸಾಮಾನೇ ಹಾಲ್‌ಸ್ಟ್ಯಾಂಡ್."

"ನಿಮ್ಹತ್ರ ಕೋಟು ಎಲ್ಲಿದೆ?"

"ಹೆಲ್ಮೆಟ್ ಇದೆಯಲ್ಲ."

"ಹೆಲ್ಮೆಟ್‌ಗೆ ಒಂದು ಮೊಳೆ ಸಾಕು ಕಣ್ರೀ."

"ಮೊಳೆ ಎಲ್ಲರ ಮನೇಲೂ ಇರುತ್ತೆ. ಹಾಲ್‌ಸ್ಟ್ಯಾಂಡ್ ಯಾರ ಮನೇಲಿದೆ ಹೇಳು?"

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ತ್ಯಾಮಗೊಂಡ್ಲಿನ ಬಡಗಿ ಬೈರೇಶನಿಗೆ ಫೋನ್ ಮಾಡಿದರು.

"ಬೈರೇಶಾ, ನಮ್ಮನೆಗೊಂದು ಹಾಲ್‌ಸ್ಟ್ಯಾಂಡ್ ಬೇಕಲ್ಲಪ್ಪ."

"ಮಾಡ್ಕೊಡಾಣ ಸಾರ್. ಎಷ್ಟು ಹಿಡೀಬೇಕು?"

"ಮನೆಯೋರದ್ದೂ ಹಿಡೀಬೇಕು, ಬಂದೋರದ್ದೂ ಹಿಡೀಬೇಕು."

"ಊರೋರೆಲ್ಲಾ ಬತ್ತಾರಾ ಸಾರ್?"

"ಬರ್ಲಿ ಬಿಡು. ನೋಡೋಕಾದ್ರೂ ಬಂದೇ ಬರ್ತಾರೆ."

"ಕೆಳಗಡೆ ತೊಟ್ಟಿಕ್ತದಲ್ಲ, ಅದಕ್ಕೇನು ಮಾಡಾಣ?"

ಕೆಂಪರಾಜರಿಗೆ ರೋಮಾಂಚನವಾಯಿತು. ಮಳೆಯಲ್ಲಿ ನೆನೆದ ಛತ್ರಿ ತೊಟ್ಟಿಕ್ಕುವುದನ್ನು ಹೇಳದೆಯೇ ಬಲ್ಲ ಬಡಗಿ ತ್ಯಾಮಗೊಂಡ್ಲಿನಲ್ಲೇ ಸಿಕ್ಕಿದನಲ್ಲ! "ಅದಕ್ಕೆ ತಗಡಿನ ತಟ್ಟೆ ಇಡು. ಕೊಕ್ಕೆ ಮರೀಬೇಡ. ಮೇಲ್ಗಡೆ ದೊಡ್ಡದಾಗಿ ಕನ್ನಡಿ..." ಅನ್ನುವಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತಿದ. ಆ ಕಡೆಯಿಂದ "...ಲ್ಲೇ ಹಾಕಣ ಬಿಡಿ ಸಾರ್" ಎಂದಷ್ಟೇ ಕೇಳಿಸಿತು. ಬೈರೇಶ ಪೂರ್ತಿ ಹೇಳಿದ್ದು, "ಕನ್ನಡದಲ್ಲೇ ಹಾಕಣ ಬಿಡಿ ಸಾರ್" ಎಂದು.

ಆಗ ಊರಿನ ಹಾಲಿನ ಡೈರಿಯ ಚಾವಣಿ ಶೀಟು ಒಡೆದು ಸೋರುತ್ತಿತ್ತು. ಡೈರಿಯನ್ನು ಬೇರೆ ಕಡೆ ಮಾಡಬೇಕೆಂದು ತಿಂಗಳಿಂದ ಮಾತು ನಡೆದಿತ್ತು. ಇಪ್ಪತ್ತೆರಡು ವರ್ಷದಿಂದ ಡೈರಿಯ ಸೆಕ್ರೆಟರಿಯಾಗಿದ್ದ ದೊಡ್ಡಮುನಿಯಪ್ಪ ಮಾತ್ರ ಆ ಮಾತಿಗೆ ಕಿವಿಗೊಟ್ಟಿರಲಿಲ್ಲ. ಕೆಂಪರಾಜರ ಮನೆಯಿದ್ದದ್ದು ಡೈರಿಗೆ ಹೋಗುವ ದಾರಿಯಲ್ಲೇ.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಂಪರಾಜ್ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲು ತೆಗೆದರು. ನಸುಕಿನಲ್ಲೇ ಗೂಡ್ಸ್ ಆಟೋದವನು ಸಾಮಾನನ್ನು ಜಗುಲಿಯ ಮೇಲಿಳಿಸಿ ಹೋಗಿದ್ದ. ಎರಡು ಅಂತಸ್ತಿನ ದಪ್ಪ ಮರದ ಸ್ಟ್ಯಾಂಡು, ಕೆಳಗೆ ತಗಡಿನ ತಟ್ಟೆ, ಪಕ್ಕದಲ್ಲಿ ಅಳತೆ ಲೀಟರು ನೇತುಹಾಕಲು ಸಾಲಾಗಿ ಕೊಕ್ಕೆಗಳು. ನೆತ್ತಿಯ ಮೇಲೆ ಹಳದಿ ಬಣ್ಣದ ಅಕ್ಷರಗಳು. ಬೈರೇಶ ತನ್ನ ಕಡೆಯಿಂದ ಒಂದು ಕೊಂಬು ಸೇರಿಸಿ 'ಹಾಲು ಸ್ಟ್ಯಾಂಡ್' ಎಂದು ಬರೆದಿದ್ದ. ಅದರ ಮೇಲೆ ಆಗಲೇ ನಾಲ್ಕು ಕ್ಯಾನು ಕೂತಿದ್ದವು. ಮುಂದೆ ಹನ್ನೊಂದು ಜನ ಸಾಲಾಗಿ ನಿಂತಿದ್ದರು.

"ಜಾಗ ಸಂದಾಗಿ ಮಾಡ್ಸಿದೀಯ ಕಣಪ್ಪ ಕೆಂಪರಾಜ" ಅಂದಳು ಸಾಲಿನ ಮೊದಲಲ್ಲಿದ್ದ ಮುತ್ಯಾಲಮ್ಮ. "ಬಿರ್ರನೆ ಅಳ್ಕೊ, ಮುದ್ದೆಗೆ ಎಸರಿಟ್ಟು ಬಂದಿವ್ನಿ."

"ಅಜ್ಜಿ, ಇದು ಹಾಲಿಡೋದಲ್ಲ. ಹಾಲ್‌ಸ್ಟ್ಯಾಂಡ್."

"ಅದೇ ಕಣಪ್ಪ, ಹಾಲ್ ಸ್ಟ್ಯಾಂಡು."

"ಹಾಲ್ ಅಂದ್ರೆ ಹಾಲಲ್ಲ."

"ಹಾಲ್ ಅಂದ್ರೆ ಹಾಲಲ್ದೆ ಮಜ್ಜಿಗೆನಾ?"

ಕೆಂಪರಾಜ್ ಒಳಗೆ ಓಡಿ ನಿಘಂಟು ತಂದರು. ಬಾಯಲ್ಲಿನ್ನೂ ಪೇಸ್ಟಿನ ನೊರೆ. ಸಾಲು ಇಪ್ಪತ್ತು ದಾಟಿತ್ತು. ಪುಟ ತೆರೆದು, ಶಾಸನ ಓದುವ ಗತ್ತಿನಲ್ಲಿ ಸಾರಿದರು: "ಹಾಲ್ ಅಂದ್ರೆ ಹಜಾರ. ಕೇಳುಸ್ತಾ? ಹಜಾರ."

"ಹಜಾರದಲ್ಲಿ ಅಳೀತಾರಂತೆ, ಒಳಗೆ ನಡೀರಿ" ಅಂದ ಹಿಂದಿನಿಂದ ಸುನಿಲ್‌ಕುಮಾರ್. ಎರಡು ಹಸುವಿನ ಹಾಲು ಹೊತ್ತು ನಿಂತಿದ್ದವನಿಗೆ ಅವಸರ. ಸಾಲಿಗೆ ಸಾಲೇ ಮನೆಯೊಳಗೆ ನುಗ್ಗಿತು.

ಸಿಂಧು ಅಡುಗೆಮನೆಯಿಂದ ಬಂದಾಗ ಹಜಾರದ ತುಂಬ ಜನ, ಜನರ ಕಾಲಬುಡದಲ್ಲಿ ಕ್ಯಾನು, ಸೋಫಾದ ಮೇಲೆ ಒಂದು ಬಕೆಟ್ಟು.

"ಏನ್ರೀ ಮಾಡಿದ್ರಿ ಇವರಿಗೆ?"

"ಅರ್ಥ ಹೇಳ್ದೆ ಕಣೆ."

ಅಷ್ಟರಲ್ಲಿ ಜಗುಲಿಯ ಹತ್ತಿರದ ಜನ ಸರಿದು ದಾರಿ ಬಿಟ್ಟರು. ದೊಡ್ಡಮುನಿಯಪ್ಪ ಬಂದಿದ್ದ. ಡೈರಿಯಲ್ಲಿ ಬೀಗ ತೆಗೆದು ಕೂತವನಿಗೆ ಒಂದು ತೊಟ್ಟು ಹಾಲೂ ಬಂದಿರಲಿಲ್ಲ. ಹಳದಿ ಅಕ್ಷರಗಳನ್ನು ಎರಡು ಸಲ ಓದಿ, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೂಗಾಡಲಿಲ್ಲ.

"ಒಂದು ಮಾತು ಯೋಳಿದ್ರೆ ಬೀಗದ ಕೈ ನಾನೇ ತಂದ್ಕೊಡ್ತಿದ್ದೆ ಕಣಪ್ಪ" ಅಂದ.

ಕೆಂಪರಾಜ್ ನಿಘಂಟು ಮುಚ್ಚಿದರು. "ಅಣ್ಣ, ತಪ್ಪಾಗೋಯ್ತು. ಛತ್ರಿ ಇಡೋಕೆ ಅಂತ..." ಎಂದು ಶುರುಮಾಡುವಷ್ಟರಲ್ಲಿ ಬೀದಿಯ ಕೊನೆಯಲ್ಲಿ ಹಾಲಿನ ವ್ಯಾನಿನ ಹಾರ್ನು ಕೇಳಿಸಿತು. ವ್ಯಾನು ನಿಲ್ಲುವುದು ಹತ್ತೇ ನಿಮಿಷ. ಅದು ಹೋದರೆ ಊರಿನಷ್ಟೂ ಹಾಲು ಮಧ್ಯಾಹ್ನಕ್ಕೆ ಒಡೆದುಹೋಗುತ್ತಿತ್ತು.

ಕೆಂಪರಾಜ್ ನಿಘಂಟನ್ನು ಬಿಸಾಕಿ, ಎರಡು ಕೈಗೆ ಎರಡು ಕ್ಯಾನು ಎತ್ತಿಕೊಂಡು ಡೈರಿಯತ್ತ ಓಡಿದರು. ಹಿಂದೆ ಸಿಂಧು, ಅವಳ ಹಿಂದೆ ಊರು. ಲುಂಗಿಯೆಲ್ಲ ಹಾಲಾಯಿತು. ಡೈರಿಯಲ್ಲಿ ಹಾಲು ಕಾಣದೆ ಹೊರಟೇಬಿಟ್ಟಿದ್ದ ವ್ಯಾನಿನ ಮುಂದೆ ಕ್ಯಾನು ಇಟ್ಟು, "ನನ್ನ ಮೇಲೆ ಹತ್ತಿಸ್ಕೊಂಡು ಹೋಗಪ್ಪ" ಎಂದು ನಿಂತರು. ಡ್ರೈವರ್ ನೊರೆ ಮೆತ್ತಿದ ಆ ಮುಖವನ್ನು ನೋಡಿ ಇಂಜಿನ್ ಆಫ್ ಮಾಡಿದ. ದೊಡ್ಡಮುನಿಯಪ್ಪ ತನ್ನ ಸ್ಟೂಲಿನ ಮೇಲೆ ಕೂತು, ಎಂದಿನಂತೆ ಒಬ್ಬೊಬ್ಬರದಾಗಿ ಅಳೆದುಕೊಂಡ. ಕೊನೆಯ ಕ್ಯಾನು ಹತ್ತಿದ ಮೇಲೆ ಕೆಂಪರಾಜರಿಗೆ ಟವೆಲ್ಲು ಕೊಟ್ಟು, "ಮಕ ಒರೆಸ್ಕೊ" ಅಂದ.

ಅಂದೇ ನಾಲ್ಕು ಜನ ಸ್ಟ್ಯಾಂಡನ್ನು ಹೊತ್ತು ಡೈರಿಗೆ ಸಾಗಿಸಿದರು. ಕೆಂಪರಾಜರೇ ಒಂದು ಮೂಲೆಗೆ ಹೆಗಲು ಕೊಟ್ಟರು.

ವಾರದ ಮೇಲೆ ಬೈರೇಶನ ಫೋನ್ ಬಂತು.

"ಸಾರ್, ನಿಮ್ದು ನೋಡಿ ಪಕ್ಕದೂರಿನ ಡೈರಿಯೋರೂ ಒಂದು ಕೇಳವ್ರೆ. ಅವ್ರಿಗೆ ಮೇಲ್ಗಡೆ ಬೋರ್ಡು ಇಂಗ್ಲಿಷಲ್ಲೇ ಬೇಕಂತೆ. ನೀವು ತಿಳಿದೋರು. ಹಾಲ್‌ಸ್ಟ್ಯಾಂಡ್‌ಗೆ ಇಂಗ್ಲಿಷಲ್ಲಿ ಏನಂತಾರೆ ಸಾರ್?"

ಕೆಂಪರಾಜ್ ಬಾಯಿ ತೆರೆದರು. ಸಿಂಧು ಸೌಟು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಬಾಯಿ ಮುಚ್ಚಿದರು. ಮತ್ತೆ ತೆರೆದರು.

"ಮಿಲ್ಕ್ ಸ್ಟ್ಯಾಂಡ್ ಅಂತಾರಪ್ಪ" ಅಂದರು. "ಬರ್ಕೊ. ಎಂ, ಐ, ಎಲ್, ಕೆ."